ಚಾವಿಯವನ ಮನೆಯ ಬಾಗಿಲು

"ಬಾಗಿಲೇ, ನಿನ್ನ ಟೈಮ್ ಮುಗೀತು!" ಎಂದು ಪಿಸುಗುಟ್ಟಿ ಚಾವಿ ಮೊಣಕಾಲೂರಿದ.

"ಡೈಲಾಗ್ ಆಮೇಲೆ ಹೊಡೀರಿ ಭಾವ. ಸ್ವಂತ ಮನೇಲಿ ಇದೇನು ಕಳ್ಳತನ?" ಟೀ ಲೋಟ ಹಿಡಿದು ಹಿಂದೆ ನಿಂತಿದ್ದಳು ನಾದಿನಿ.

"ಶ್! ನಿಮ್ಮಕ್ಕ ಒಳಗಿಂದ ಚಿಲಕ ಹಾಕ್ಕೊಂಡಿದಾಳೆ."

"ಊರಿನ ಬೀಗವೆಲ್ಲ ತೆಗೀತೀರ, ಹೆಂಡ್ತಿ ಬಾಯಿ ತೆಗೆಸೋಕಾಗಲ್ವಾ?"

ಬೀಗ ರಿಪೇರಿಯ ಅವನನ್ನು ಬೀದಿಯವರೆಲ್ಲ ಚಾವಿ ಎಂದೇ ಕರೆಯುತ್ತಿದ್ದರು. ಕೀಲಿ ಕಳೆದ ತಿಜೋರಿಯಿಂದ ಹಿಡಿದು ಬಾತ್‌ರೂಮಿನಲ್ಲಿ ಸಿಕ್ಕಿಕೊಂಡ ಹೆಡ್‌ಮಾಸ್ಟರರವರೆಗೆ ಅವನು ಬಿಡಿಸದ್ದು ಯಾವುದೂ ಇರಲಿಲ್ಲ. ಹೆಂಡತಿಯ ಪ್ರಾರ್ಥನೆಯ ಕೋಣೆ ಮಾತ್ರ ಮೂರು ವಾರದಿಂದ ಅವನ ತಲೆ ತಿನ್ನುತ್ತಿತ್ತು. ಅದಕ್ಕೆ ಮುಂಚೆ, ಮದುವೆಯಾದಾಗಿನಿಂದ ಆ ಬಾಗಿಲು ಮುಚ್ಚಿದ್ದೇ ಇರಲಿಲ್ಲ. ಅವಳು ಗಟ್ಟಿಯಾಗಿ ಪ್ರಾರ್ಥಿಸುತ್ತಿದ್ದರೆ ಇವನು ಗಡ್ಡ ಕೆರೆದುಕೊಳ್ಳುತ್ತ, "ನನ್ನ ಸೊಂಟನೋವೂ ಸೇರಿಸೇ" ಎಂದು ಕಾಲೆಳೆಯುತ್ತಿದ್ದ. ದೇವರ ಬಗ್ಗೆ ಅವನದು ಒಂದೇ ಮಾತು: "ಕರೆದ್ರೆ ಬರೋ ಆಸಾಮಿ ನಾನು, ಅವನಲ್ಲ."

ಅವಳ ಕರುಳಿನಲ್ಲಿ ಗೆಡ್ಡೆ ಇದೆ, ತೆಗೆಯಲೇಬೇಕು ಎಂದು ಡಾಕ್ಟರ್ ಹೇಳಿದ ಮರುದಿನದಿಂದ ಬಾಗಿಲು ಮುಚ್ಚಿತು. ದಿನಾ ಬೆಳಿಗ್ಗೆ ಅರ್ಧ ಗಂಟೆ. ಕಿವಿ ಇಟ್ಟರೆ ಒಂದು ಕೆಮ್ಮೂ ಕೇಳದು. ಆಪರೇಷನ್ನಿನ ಒಪ್ಪಿಗೆ ಪತ್ರ ಸಹಿಯಿಲ್ಲದೆ ಫ್ರಿಜ್ಜಿನ ಮೇಲೆ ನೇತಾಡುತ್ತಿತ್ತು. ಇವತ್ತು ಹನ್ನೆರಡರೊಳಗೆ ಆಸ್ಪತ್ರೆಗೆ ಕೊಡದಿದ್ದರೆ ಹಾಸಿಗೆ ಬೇರೆಯವರಿಗೆ. ಇನ್ನೊಂದು ತಿಂಗಳು ಕಳೆದರೆ ಕೊಯ್ದೂ ಪ್ರಯೋಜನವಿಲ್ಲ. ಕೇಳಿದಾಗಲೆಲ್ಲ ಆ ಕೋಣೆಯತ್ತ ಕೈ ತೋರಿಸಿ ಅವಳು ಹೇಳುತ್ತಿದ್ದುದು ಒಂದೇ: "ಅವನನ್ನ ಕೇಳಿ ಹೇಳ್ತೀನಿ."

ಚಾವಿ ಉಕ್ಕಿನ ಪಟ್ಟಿಯನ್ನು ಸಂದಿಯಲ್ಲಿ ತೂರಿಸಿ ಮೇಲೆ ಕೆಳಗೆ ಆಡಿಸಿದ. ಇನ್ನೂ ತೆಳ್ಳನೆಯದು ಹಾಕಿದ. "ಇದೆಂಥ ಚಿಲಕನಪ್ಪಾ, ಕೈಗೇ ಸಿಗ್ತಿಲ್ಲ!" ಎಂದು ಭುಜ ಆನಿಸಿದ್ದೇ ತಡ, ಬಾಗಿಲು ತೆರೆದುಕೊಂಡು ಅವನು ಒಳಗೆ ಮುಗ್ಗರಿಸಿದ.

ದೀಪ ಹಚ್ಚಿರಲಿಲ್ಲ. ದೇವರ ಪಟ ಗೋಡೆಗೆ ಮುಖ ಮಾಡಿತ್ತು. ಹೆಂಡತಿ ಸ್ಟೂಲಿನ ಮೇಲೆ ಸ್ವೆಟರ್ ತೊಟ್ಟು ಕೂತು ಅವನನ್ನೇ ನೋಡುತ್ತಿದ್ದಳು.

"ತಳ್ಳಿದ್ರೆ ಬರ್ತಿತ್ತಲ್ರೀ."

ಅವನು ತಲೆಯೆತ್ತಿ ಚಿಲಕ ನೋಡಿದ. ತಾನೇ ಜಡಿದದ್ದು. ಮೇಲೆ ಬಳಿದ ಬಣ್ಣ ಒಂದು ಕಡೆಯೂ ಬಿರುಕು ಬಿಟ್ಟಿರಲಿಲ್ಲ.

"ಮೂರು ವಾರದಿಂದ ತೆಗೆದೇ ಇತ್ತಾ?"

"ತೆಗೆದೇ ಇತ್ತು."

"ಮತ್ತೆ ಇವನ್ಯಾಕೆ ಆ ಕಡೆ ತಿರುಗಿದಾನೆ?"

"ನಾನೇ ತಿರುಗಿಸಿದೆ. ಮಾತು ಬಿಟ್ಟಿದ್ದೀನಿ." ಅವಳು ಸ್ವೆಟರಿನ ತೋಳು ಎಳೆದುಕೊಂಡಳು. "ನಿಮಗೆ ಹೇಳಿದ್ರೆ, ನಾನು ಗೆದ್ದೆ ಅಂತ ಕುಣೀತಿದ್ರಿ. ಕೇಳೋಕೇ ಭಯ ರೀ. ಅವನು ಆಗಲ್ಲ ಅಂದ್ಬಿಟ್ರೆ?"

ಚಾವಿ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ, ಪಟದ ಬೆನ್ನಿಗೆ ಎದುರಾಗಿ ಕೂತ. ಕಂದು ರಟ್ಟು, ತುಕ್ಕು ಹಿಡಿದ ಎರಡು ಮೊಳೆ.

"ಸಾರ್, ನಮಗೂ ನಿಮಗೂ ಪರಿಚಯ ಇಲ್ಲ. ನಾನು ಇವಳ ಕಡೆಯವನು."

"ಅವನಿಗೆ ಸಾರ್ ಅನ್ನಲ್ಲ ರೀ."

"ನೀನು ಮಾತು ಬಿಟ್ಟಿದ್ಯಲ್ಲ, ಸುಮ್ನಿರು. ಸಾರ್, ಹನ್ನೆರಡರೊಳಗೆ ಒಂದು ಸೈನ್ ಆಗ್ಬೇಕು. ಇವಳು ಹೆದರಿದಾಳೆ. ನಾನೂ..." ಕೈಯಲ್ಲಿದ್ದ ಪಟ್ಟಿಗಳನ್ನು ಅವನು ಜೇಬಿಗೆ ತುರುಕಿದ. "ನಾನೂ ಹೆದರಿದೀನಿ ಸಾರ್. ಅಷ್ಟೇ."

ಅವಳಿಗೆ ನಗು ಬಂತು. ನಗುತ್ತ ಹೊಟ್ಟೆ ಹಿಡಿದುಕೊಂಡಳು. ಸ್ವಲ್ಪ ಹೊತ್ತು ಹಾಗೇ ಹಿಡಿದುಕೊಂಡಿದ್ದು, ಬಾಗಿಲಲ್ಲಿ ಮೂಗು ಒರೆಸಿಕೊಳ್ಳುತ್ತಿದ್ದ ತಂಗಿಗೆ ಹೇಳಿದಳು: "ಆ ಕಾಗದ ತಗೊಂಡ್ ಬಾರೇ. ಪೆನ್ನೂ."

ಸಹಿ ಆದ ಮೇಲೆ ಚಾವಿ ಪಟಕ್ಕೆ ಕೈ ಹಾಕಿದ.

"ಬೇಡ, ಇರ್ಲಿ ಬಿಡಿ. ನಾನೇ ವಾಪಸ್ ಬಂದು ತಿರುಗಿಸ್ತೀನಿ."

ಆಟೋ ಬಂತು. ಅಕ್ಕ ತಂಗಿ ಚೀಲ ಹಿಡಿದು ಮೆಟ್ಟಿಲಿಳಿದರು. ಕೀಲಿಗೊಂಚಲು ಹಿಡಿದು ಹೊರಟ ಚಾವಿ ಒಂದು ಗಳಿಗೆ ಹಿಂದೆ ಬಂದ. ಕೋಣೆಯ ಬಾಗಿಲನ್ನು ಎಳೆದು ಮುಚ್ಚಿ, ಒಂದೇ ಬೆರಳಿನಿಂದ ತಳ್ಳಿ ನೋಡಿದ. ತೆರೆದುಕೊಂಡಿತು. ಮತ್ತೆ ಮುಚ್ಚಿ, ಮತ್ತೊಮ್ಮೆ ತಳ್ಳಿದ.