ನೂರುಮೂಟೆಯನ್ನು ಇಳಿಸಿದ್ದು

"ಕಾಲು ಮೊದಲು, ಕಾಲು ಮೊದಲು ಅಂತ ಎಷ್ಟು ಸಲ ಬಡ್ಕೊಳ್ಳಲಿ? ತಲೆ ಈ ಕಡೆ ತಿರುಗಿಸಿದ್ರೆ ಗೋಡೆಗೆ ಬಡಿಯುತ್ತೆ," ಎಂದು ಮೇಸ್ತ್ರಿ ಏದುಸಿರಿನ ನಡುವೆಯೇ ಗದರಿದ.

ಸ್ಟ್ರೆಚರ್ ಮೂರನೇ ಮಹಡಿಯ ಬಾಗಿಲು ದಾಟಿ ಮೆಟ್ಟಿಲಿನ ತಿರುವಿನಲ್ಲಿ ಸಿಕ್ಕಿಕೊಂಡಿತ್ತು. ಲಿಫ್ಟಿನಲ್ಲಿ ನಿಂತವರು ನಾಲ್ಕು ಜನ ಹಿಡಿಯುತ್ತಾರೆ. ಮಲಗಿದವನು ಒಬ್ಬನೂ ಹಿಡಿಯುವುದಿಲ್ಲ. ಮನೆ ಕೊಳ್ಳುವಾಗ ಇದು ಯಾರಿಗೂ ಹೊಳೆದಿರಲಿಲ್ಲ. ಹೊತ್ತವರು, ಮೇಸ್ತ್ರಿಯೂ ಸೇರಿ, ನಾಲ್ವರೂ ಗೋದಾಮಿನ ಹಮಾಲರು. ಒಂದು ಕಾಲಕ್ಕೆ ಐವತ್ತು ಕೆಜಿ ಮೂಟೆ ಹೊತ್ತು ಹಲಗೆಯ ಮೇಲೆ ಓಡಿದವರು. ಈಗ ನಾಲ್ವರಿಗೂ ಹೊಟ್ಟೆ ಮುಂದೆ, ಕಾಲು ಹಿಂದೆ.

ಮಲಗಿದ್ದವನೂ ಅವರ ಜೊತೆಯವನೇ. ದಿನಕ್ಕೆ ನೂರು ಮೂಟೆ ಹೊರುತ್ತಿದ್ದ ಕಾಲದಲ್ಲಿ ಅವನಿಗೆ ನೂರುಮೂಟೆ ಎಂದೇ ಹೆಸರು ಬಿದ್ದಿತ್ತು. ಆಗ ಅವನ ತೂಕ ಒಂದು ಮೂಟೆಗಿಂತ ತುಸು ಕಡಿಮೆ. ಈಗ ಎರಡೂವರೆ.

ಕೆಳಗಿನಿಂದ ವ್ಯಾನಿನ ಹಾರ್ನ್ ಕೇಳಿಸಿತು. ಅವನ ಮಗಳು ಮೆಟ್ಟಿಲ ಕಿಟಕಿಯಿಂದ ಬಗ್ಗಿ ನೋಡಿದಳು.

"ಇನ್ನೂ ಎಷ್ಟೊತ್ತು ಮೇಡಂ? ಹನ್ನೊಂದಕ್ಕೆ ನಂಗೆ ಇನ್ನೊಂದಿದೆ," ಎಂದ ಡ್ರೈವರ್.

"ಬೇಗ ಆಗಬೇಕಂದ್ರೆ ಬಂದು ಒಂದು ಕೈ ಹಿಡೀರಿ."

"ನಂಗೆ ಬೆನ್ನು ನೋವು ಮೇಡಂ."

"ಹೆಣದ ವ್ಯಾನು ಓಡಿಸೋನಿಗೆ ಬೆನ್ನು ನೋವು," ಎಂದು ಮಗಳು ತನಗೆ ತಾನೇ ಹೇಳಿಕೊಂಡಳು. ಬೆಳಗಿನಿಂದ ಅವಳು ಅತ್ತಿರಲಿಲ್ಲ, ಸಿಡುಕಿದ್ದಷ್ಟೇ.

ಸ್ಟ್ರೆಚರಿನ ಹಿಂದೆ ಸತ್ತವನ ತಂಗಿ ಕಂಬಿ ಹಿಡಿದು ಇಳಿಯುತ್ತಿದ್ದಳು. "ಕಡ್ಡಿ ಹಾಗಿದ್ದ ನಮ್ಮಣ್ಣ. ಕಡ್ಡಿ ಹೋಗಿ ಕಂಬ ಆದ. ಬೇಡ ಅಂದವನಿಗೂ ಬಡಿಸೋ ಕೈ ಅತ್ತಿಗೇದು. ಉಣ್ಣಿಸಿ ಉಣ್ಣಿಸಿ ಕಳಿಸಿಬಿಟ್ಟಳು."

ಹೆಂಡತಿ ಬಾಗಿಲಲ್ಲೇ ನಿಂತಿದ್ದಳು. ನಾದಿನಿಯ ಕಡೆ ತಿರುಗಲಿಲ್ಲ. ಮಗಳ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಕೇಳಿದಳು, "ಡಾಕ್ಟರು ನಿನ್ನ ಒಬ್ಬಳನ್ನೇ ಒಳಗೆ ಕರೆದಿದ್ರಲ್ಲ. ಏನಂದ್ರು? ನಿಮ್ಮಪ್ಪ ನನ್ನ ಊಟದಿಂದ ಹೋದ್ರಾ?"

"ಈಗ ಬೇಡಮ್ಮ."

"ಹೌದು, ಇಲ್ಲ, ಎರಡರಲ್ಲಿ ಒಂದು ಹೇಳು."

"ಅಮ್ಮಾ, ಮೊದಲು ಅವರನ್ನ ಕೆಳಗಿಳಿಸೋಣ."

*

ಮೂಟೆ ಹೊರುವ ಕಾಲದಲ್ಲಿ ಅವರಿದ್ದದ್ದು ಗೋದಾಮಿನ ಹಿಂದಿನ ತಗಡಿನ ಕೋಣೆಯಲ್ಲಿ. ಹಮಾಲರ ಹೆಂಡಂದಿರಿಗೆಲ್ಲ ಒಂದೇ ಲೆಕ್ಕ: ಇಪ್ಪತ್ತು ಮೂಟೆಗೆ ಒಂದು ಸೌಟು. ಗಂಡ ಕೈಕಾಲು ತೊಳೆದು ಬರುವಾಗಲೇ "ಎಷ್ಟು ಮೂಟೆ?" ಎಂದು ಕೇಳಬೇಕು, ಅವನು ಹೇಳಬೇಕು, ಅದರ ಮೇಲೆ ಬಡಿಸಬೇಕು. ಇದ್ದದ್ದು ಒರಟು ಕಾಳಿನ ಗಂಜಿ, ಬೇಲಿ ಸಾಲಿನ ಸೊಪ್ಪು. ಎಣ್ಣೆಯನ್ನು ಬೆರಳಿನಿಂದ ಸವರುತ್ತಿದ್ದರು. ನೂರು ಮೂಟೆಯವನಿಗೆ ಐದು ಸೌಟು. ಉಳಿದದ್ದು ಹೆಂಡತಿಗೂ ಮಗಳಿಗೂ.

ಒಂದು ದಿನ ಮಡಕೆಯಲ್ಲಿ ಏನೂ ಇರಲಿಲ್ಲ. ಅವನು ನೀರು ಕುಡಿದು ಹೋದ. ನಲವತ್ತಮೂರನೇ ಮೂಟೆಯ ಕೆಳಗೆ ಕುಸಿದ. ಮೂಟೆ ಒಡೆದು ಕಾಳೆಲ್ಲ ಅವನ ಮೇಲೆ ಚೆಲ್ಲಿತು. ಗೋದಾಮಿನ ಗುಮಾಸ್ತ ಮೊದಲು ಕಾಳು ಗುಡಿಸಿ ತೆಗೆಸಿದ, ಆಮೇಲೆ ಅವನನ್ನು ಎತ್ತಿಸಿದ. ಅವಳು ಓಡಿ ಬಂದಾಗ ಗಂಡನ ಕಿವಿಯಲ್ಲಿ ಎರಡು ಕಾಳು ಸಿಕ್ಕಿಕೊಂಡಿದ್ದವು. ಮೈಮೇಲೆ ಮೂಟೆ ಕಾಳು, ಹೊಟ್ಟೆಯಲ್ಲಿ ಬರೀ ನೀರು. ಇನ್ನು ಈ ಮನುಷ್ಯ ಹಸಿದು ಏಳಕೂಡದು ಎಂದು ಅವಳು ಅಲ್ಲೇ ನಿಶ್ಚಯಿಸಿದಳು. ಬಾಯಿಬಿಟ್ಟು ಯಾರಿಗೂ ಹೇಳಲಿಲ್ಲ.

*

ಎರಡನೇ ಮಹಡಿಯಲ್ಲಿ ಸ್ಟ್ರೆಚರ್ ನೆಲಕ್ಕಿಟ್ಟರು. ನಾಲ್ವರೂ ಗೋಡೆಗೊರಗಿ ಕೂತರು. ಒಬ್ಬ ಜೇಬಿನಿಂದ ಮಾತ್ರೆ ತೆಗೆದು ನಾಲಿಗೆಯ ಕೆಳಗಿಟ್ಟುಕೊಂಡ.

"ನಿನಗೂ ಎದೆನೋವು ಬಂತಾ?" ಎಂದ ಮೇಸ್ತ್ರಿ.

"ಹೋದ ವರ್ಷದಿಂದ. ಗೋದಾಮಲ್ಲಿ ಮೂಟೆ ಸಾಗಿಸೋ ಬೆಲ್ಟಿನ ಮುಂದೆ ಕೂತು ಗುಂಡಿ ಒತ್ತೋದು, ಮನೆಗೆ ಹೋಗಿ ಉಣ್ಣೋದು. ಬರದೆ ಏನು ಮಾಡುತ್ತೆ?"

ಆ ಮಹಡಿಯ ಮನೆಯಾಕೆ ಪಾಪ ಎಂದು ಬಣ್ಣದ ಸಿಹಿ ಪಾನೀಯದ ದೊಡ್ಡ ಬಾಟಲಿ ತಂದಳು. ನಾಲ್ವರೂ ಲೋಟಕ್ಕೆ ಕೈ ಚಾಚಿದರು.

"ಇವತ್ತಾದ್ರೂ ನೀರು ಕುಡೀರಪ್ಪ," ಎಂದು ಮಗಳು ಆ ಬಾಟಲಿಯನ್ನು ಕಸಿದೇ ಬಿಟ್ಟಳು. ಮನೆಯಾಕೆಗೆ ಮುಖಭಂಗವಾಯಿತು.

*

ಊರು ಬೆಳೆಯಿತು, ಗೋದಾಮಿಗೆ ಬೆಲ್ಟ್ ಬಂತು. ಮೂಟೆಗಳು ತಾವೇ ಅದರ ಮೇಲೆ ಸಾಗತೊಡಗಿದವು. ನೂರುಮೂಟೆಗೆ ಒಂದು ಕುರ್ಚಿ, ಒಂದು ಕೆಂಪು ಗುಂಡಿ, ಒಂದು ಹಸಿರು ಗುಂಡಿ, ಮೊದಲಿನ ಎರಡರಷ್ಟು ಸಂಬಳ. ಮನೆಗೆ ಐದು ಲೀಟರಿನ ಎಣ್ಣೆ ಕ್ಯಾನ್ ಬಂತು. ಬಿಳಿ ಅನ್ನ, ಬಿಳಿ ಬ್ರೆಡ್ಡು, ದಿನಾ ಮಾಂಸ, ಫ್ರಿಜ್ಜಿನ ಬಾಗಿಲ ತುಂಬ ಬಾಟಲಿಗಳು ಬಂದವು.

ಅವಳು ಕೇಳುವುದನ್ನು ಬಿಡಲಿಲ್ಲ. "ಎಷ್ಟು ಮೂಟೆ?"

"ಎರಡು ಸಾವಿರ," ಎಂದು ಅವನು ನಗುತ್ತಿದ್ದ. ಹೊತ್ತದ್ದು ಯಂತ್ರ ಎಂದು ಅವಳಿಗೆ ಗೊತ್ತಿತ್ತು, ಅವಳ ಕೈಗೆ ಗೊತ್ತಿರಲಿಲ್ಲ. ಐದು ಸೌಟಿನಲ್ಲಿ ಒಂದೂ ಕಡಿಮೆಯಾಗಲಿಲ್ಲ.

ಸಕ್ಕರೆ ಕಾಯಿಲೆ ಎಂದು ಗೊತ್ತಾದಾಗ ಮಗಳು ಆಸ್ಪತ್ರೆಯವರು ಕೊಟ್ಟ ಊಟದ ಪಟ್ಟಿ ತಂದಳು. ಒರಟು ಕಾಳು, ಸೊಪ್ಪು, ಎಣ್ಣೆ ಒಂದು ಚಮಚ.

ಅಮ್ಮ ಓದಿಸಿ ಕೇಳಿ ಸಿಟ್ಟಾದಳು. "ಅದನ್ನ ತಿನ್ನಬಾರದು ಅಂತ ತಾನೇ ಇಷ್ಟು ವರ್ಷ ದುಡಿದದ್ದು? ದೊಡ್ಡ ಅಂಗಡೀಲಿ ಅದೇ ಕಾಳು, ಚಂದದ ಪೊಟ್ಟಣ, ಅಕ್ಕಿಯ ಮೂರು ಪಟ್ಟು ಬೆಲೆ. ನಮ್ಮನ್ನ ಆಡ್ಕೋತಾರಾ ಇವರು?"

"ಅಮ್ಮ, ಪಟ್ಟಿ ನಾನು ಬರೆದದ್ದಲ್ಲ."

"ಹಸಿದು ಬಂದವನ ಮುಂದೆ ಕಾಗದ ಬಡಿಸೋಕಾಗುತ್ತಾ?"

 ಅಪ್ಪ ಮಗಳ ಕಡೆ ನೋಡಿ ಕಣ್ಣು ಮಿಟುಕಿಸಿ, ತಟ್ಟೆ ಮುಂದೆ ಎಳೆದುಕೊಂಡ.

*

"ಅಕ್ಕ, ನಿಮ್ಮ ನಾದಿನಿ ಮಾತು ಮನಸ್ಸಿಗೆ ಹಚ್ಕೋಬೇಡಿ," ಎಂದ ಮೇಸ್ತ್ರಿ, ನೀರು ಕುಡಿದು ಬಾಯಿ ಒರೆಸಿಕೊಳ್ಳುತ್ತ. "ಅವನು ನಿಮ್ಮನ್ನ ಎಷ್ಟು ಹಚ್ಕೊಂಡಿದ್ದ ಅಂದ್ರೆ, ಗೋದಾಮಲ್ಲಿ ದಿನಾ ಹೇಳ್ತಿದ್ದ. ನನಗೆ ಹಸಿವು ಅಂತ ಆಗಿ ಹತ್ತು ವರ್ಷ ಆಯ್ತು ಕಣೋ, ಆದ್ರೆ ಸಾಕು ಅಂದ್ರೆ ಅವಳ ಮುಖ ಬಾಡುತ್ತೆ, ಅದಕ್ಕೇ ಉಣ್ತೀನಿ ಅಂತ."

ಸಮಾಧಾನಕ್ಕೆಂದೇ ಹೇಳಿದ್ದ.  ನಾದಿನಿ ಕಂಬಿಯ ಮೇಲಿನ ಧೂಳನ್ನು ಬೆರಳಿಂದ ಒರೆಸುತ್ತ ನಿಂತಳು. ಮಗಳು ಮೇಸ್ತ್ರಿಯನ್ನು ಸುಟ್ಟುಬಿಡುವ ಹಾಗೆ ನೋಡಿದಳು.

ಹೆಂಡತಿ ಸ್ಟ್ರೆಚರಿನ ಪಕ್ಕ ಕೂತು, ಹೊದಿಕೆ ಸರಿಪಡಿಸಿದಳು. "ಹತ್ತು ವರ್ಷ," ಎಂದಳು. ಹೊದಿಕೆಯ ತುದಿಯನ್ನು ಒಳಗೆ ಸಿಕ್ಕಿಸುತ್ತ, "ಒಂದು ಸಲ ಬಾಯಿಬಿಟ್ಟು ಹೇಳೋಕೇನಾಗಿತ್ತು ಈ ಮನುಷ್ಯನಿಗೆ?" ಎಂದಳು. ದನಿಯಲ್ಲಿ ಅಳುವಿರಲಿಲ್ಲ; ಉಪ್ಪು ತರಲು ಮರೆತು ಬಂದವನನ್ನು ಬೈಯುವ ದನಿಯಿತ್ತು.

ಹಾರ್ನ್ ಮತ್ತೆ ಕೂಗಿತು. ನಾಲ್ವರೂ ಎದ್ದರು. ಮೆಟ್ಟಿಲು ಇಳಿಯುವಾಗ ಕೆಳಗಿನ ಇಬ್ಬರು ಸ್ಟ್ರೆಚರಿನ ಹಿಡಿಯನ್ನು ಹೆಗಲಿಗೇರಿಸಬೇಕು, ಭಾರವೆಲ್ಲ ಅವರ ಕಡೆಗೇ ಜಾರುತ್ತದೆ. ಮೇಸ್ತ್ರಿ ಹೆಗಲು ಕೊಟ್ಟ. ಎರಡನೇ ಮೆಟ್ಟಿಲಿಗೆ ಅವನ ಮಂಡಿ ಕಟಕ್ಕೆಂದಿತು.

"ಇಡಿ, ಇಡಿ. ನನ್ನ ಕೈಲಾಗಲ್ಲ."

"ಯಾರನ್ನಾದ್ರೂ ಕರೀತೀನಿ ಇರಿ," ಎಂದು ಮಗಳು ಫೋನ್ ತೆಗೆದಳು.

ಅಷ್ಟರಲ್ಲಿ ಹೆಂಡತಿ ಚಪ್ಪಲಿ ಕಳಚಿ, ಗೋಡೆಯ ಬದಿಯಿಂದ ನುಸುಳಿ ಕೆಳಗಿನ ಮೆಟ್ಟಿಲಿಗೆ ಬಂದಿದ್ದಳು.

"ಜರುಗಿ, ಮೇಸ್ತ್ರಿ."

"ಅಕ್ಕ, ಬೇಡ. ನಿಮಗೂ ವಯಸ್ಸಾಯ್ತು."

"ಜರುಗಿ ಅಂದೆ."

ಅವನು ಜರುಗಿದ. ನಿಂತು ಅವಳನ್ನು ನೋಡಿದ. ಆಮೇಲೆ ತನ್ನ ಹೆಗಲ ಮೇಲಿನ ಗೋಣಿಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ, ಹೊಸ ಹಮಾಲನಿಗೆ ಹಾಕುವಂತೆ, ಕತ್ತಿನ ಬುಡಕ್ಕೆ ಸರಿಯಾಗಿ ಕೂರುವಂತೆ ಅವಳ ಹೆಗಲ ಮೇಲಿಟ್ಟ. ಮಗಳು ಫೋನನ್ನು ಜೇಬಿಗೆ ತುರುಕಿ, ಅಮ್ಮನ ಮುಂದೆ ಹೋಗಿ, ಹಿಮ್ಮುಖವಾಗಿ ಒಂದೊಂದೇ ಮೆಟ್ಟಿಲು ಇಳಿಯತೊಡಗಿದಳು. ಹಿಡಿ ಹೆಗಲಿಗೇರಿದಾಗ ಅಮ್ಮನ ಮೈ ಒಮ್ಮೆ ತಗ್ಗಿತು, ಮತ್ತೆ ನೆಟ್ಟಗಾಯಿತು. ಅವಳ ಬರಿಗಾಲು ಮುಂದಿನ ಮೆಟ್ಟಿಲಿನ ಅಂಚನ್ನು ತಡಕಿ ಹುಡುಕಿತು.