ನಂದು ಅನ್ನದವರು

"ಅಲ್ಲೇ ನಿಲ್ಲೇ ಮುಂಡೇದೆ. ಒಳಗೆ ದೊಡ್ಡೋರು ಊಟಕ್ ಕೂತವ್ರೆ, ಆ ಉಚ್ಚೆ ನಾತ ಹೊತ್ಕೊಂಡು ಎಲ್ಲಿಗ್ ನುಗ್ತೀಯ?"

ಎಲ್ಪಿಸ್ ಬಾಗಿಲಿಗೆ ಅಡ್ಡಲಾಗಿ ಕೈಯಿಟ್ಟು ನಿಂತಿದ್ದಳು. ಮೂರು ವರ್ಷದ ಹಿಂದೆ ಅವಳೂ, ಈಗ ಎದುರಿಗೆ ನಿಂತಿರುವ ಕ್ರೋಕಾಲೆಯ ಪಕ್ಕದ ತೊಟ್ಟಿಯಲ್ಲೇ, ಮೊಣಕಾಲುದ್ದ ಹಳಸಿದ ಉಚ್ಚೆಯಲ್ಲಿ ನಿಂತು, ಕೊರಿಂಥದ ಸಾಹುಕಾರರ ಉಣ್ಣೆಬಟ್ಟೆಯನ್ನು ಕೊಳೆ ಬಿಡಲೆಂದು ತುಳಿಯುತ್ತಿದ್ದವಳು. ಈಗ ಎಣ್ಣೆ ವ್ಯಾಪಾರಿ ವಿಬಿಯುಸನ ಈ ಮನೆಯ ಉಗ್ರಾಣ ಅವಳ ಕೈಯಲ್ಲಿದೆ. ಮೈಗೆ ಎಣ್ಣೆ, ತಲೆಗೆ ಗಂಧ.

"ನಾತ ನಿಂಗೇನ್ ಹೊಸದಾ?" ಅಂದಳು ಕ್ರೋಕಾಲೆ. "ಮೂರು ವರ್ಷಕ್ಕೇ ಮೂಗು ಮೊಳದುದ್ದ ಬೆಳೀತಲ್ಲೇ ನಿಂದು."

ಅವಳ ಬೆನ್ನ ಹಿಂದಿದ್ದ ಐದು ಮಂದಿ ತೊಟ್ಟಿಯವರು ನಕ್ಕರು. ನಗುವುದಕ್ಕೂ ಅವರಲ್ಲಿ ತ್ರಾಣ ಕಡಿಮೆಯಿತ್ತು.

ವಾರದ ಮೊದಲ ದಿನ ಎಲ್ಲರೂ ಈ ಮನೆಯಲ್ಲಿ ಒಂದೇ ಕಡೆ ಕೂತು ಒಂದೇ ರೊಟ್ಟಿ ಮುರಿದು ಉಣ್ಣಬೇಕು. ಕ್ರಿಸ್ತನ ದಾರಿ ಹಿಡಿದವರ ಕಟ್ಟಳೆ ಅದು. ಆದರೆ ಆ ದಿನ ತೊಟ್ಟಿಗೇನು ಬಿಡುವಿಲ್ಲ. ಹೊತ್ತು ಮುಳುಗಿದ ಮೇಲೆಯೇ ಮೇಸ್ತ್ರಿ ಬಿಡುವುದು. ಮೊದಮೊದಲು ಇವರು ಬರುವ ತನಕ ಎಲ್ಲರೂ ಕಾಯುತ್ತಿದ್ದರು. ಆಮೇಲೆ ರೊಟ್ಟಿ ಆರಿಹೋಗುತ್ತದೆ ಅಂದರು. ಈಗ ಇವರು ಬರುವಷ್ಟರಲ್ಲಿ ಮಂಚದ ಮೇಲೆ ಒರಗಿ ಉಣ್ಣುವವರು ಉಂಡು ತೇಗಿ, ದ್ರಾಕ್ಷಾರಸದ ಎರಡನೆಯ ಸುತ್ತಿಗೆ ಬಂದಿರುತ್ತಾರೆ. ಇವರದು ಅಂಗಳ.

ಎಲ್ಪಿಸ್ ಒಂದು ತಟ್ಟೆ ತಂದು ನೆಲದ ಮೇಲಿಟ್ಟಳು. ರೊಟ್ಟಿಯ ಅಂಚುಗಳು, ಮೀನಿನ ತಲೆಗಳು.

"ಕೆರ್ಡೋನನ ಪಾಲು?" ಕ್ರೋಕಾಲೆ ಕೇಳಿದಳು.

"ಯಾವ ಪಾಲು?"

"ಬರಕ್ಕಾಗ್ದೋರ ಪಾಲು ಮೊದಲು ತೆಗೆದಿಡ್ಬೇಕು. ಅದನ್ನ ನಂಗೆ ಹೇಳ್ಕೊಟ್ಟೋಳೇ ನೀನು."

"ಇವತ್ತು ನೆಂಟರು ಜಾಸ್ತಿ. ಮುಗ್ದೋಯ್ತು."

ಕೆರ್ಡೋನನ ಅಂಗಾಲಿಗೆ ತೊಟ್ಟಿಯೊಳಗಿನ ಒಡಕು ಕಲ್ಲು ಹೊಕ್ಕು ಒಂಬತ್ತು ದಿನವಾಗಿತ್ತು. ಕಾಲು ತೊಡೆಯ ತನಕ ಊದಿ, ಜ್ವರ ಬಿಡದೆ, ತೊಟ್ಟಿ ಪಕ್ಕದ ಕೊಟ್ಟಿಗೆಯ ಒದ್ದೆ ನೆಲದಲ್ಲಿ ನಡುಗುತ್ತಾ ಬಿದ್ದಿದ್ದ. ಕ್ರೋಕಾಲೆಗೆ ಅವನು ಗಂಡನೂ ಅಲ್ಲ, ಬಂಧುವೂ ಅಲ್ಲ. ಒಂದೇ ದಿನ ನೀರಿಗಿಳಿದು ದೀಕ್ಷೆ ಪಡೆದವರು, ಅಷ್ಟೇ. ಅಂದಿನಿಂದ ಅವನು ಅವಳನ್ನು ಅಕ್ಕ ಅನ್ನುತ್ತಿದ್ದ. ಹಾಗೆ ಕರೆಯುವವರು ಬಹಳ ಮಂದಿಯಿದ್ದರು. ಅವನು ತಮ್ಮನ ಹಾಗೆ ನಡೆದುಕೊಳ್ಳುತ್ತಲೂ ಇದ್ದ.

ಅವನಿಗೆ ರೊಟ್ಟಿಗಿಂತ ಹೆಚ್ಚಾಗಿ ಬೇಕಾಗಿದ್ದದ್ದು ಒಣ ನೆಲ, ಒಂದು ಒಲೆ. ಅಂಥ ಜಾಗ ಇಲ್ಲದೆ ಏನಿರಲಿಲ್ಲ. ಕ್ರೋಕಾಲೆಯ ಗಂಡ ಸಾಯುವಾಗ ಅಗಸರ ಓಣಿಯಲ್ಲಿ ಕಲ್ಲುಗೋಡೆಯ ಕೋಣೆಯೊಂದನ್ನು ಬಿಟ್ಟುಹೋಗಿದ್ದ. ನೀರಿನಿಂದ ಎದ್ದು ಬಂದ ದಿನ, ಎಲ್ಲರ ಮುಂದೆ, "ಇನ್ಮೇಲೆ ನಂದು ಅಂತ ಏನೂ ಇಲ್ಲ. ಆ ಕೋಣೆ ಕಾಯಿಲೆಯೋರಿಗೆ, ದಾರಿಹೋಕರಿಗೆ ಇರ್ಲಿ," ಅಂದುಬಿಟ್ಟಿದ್ದಳು. ವಿಬಿಯುಸ್ ಕಣ್ಣೀರು ಹಾಕಿ ಅವಳ ಹಣೆಗೆ ಮುತ್ತಿಟ್ಟಿದ್ದ. ಸಭೆಯ ಪರವಾಗಿ ನೋಡಿಕೊಳ್ಳಲು ಕೀಲಿ ಅವನ ಕೈ ಸೇರಿತ್ತು. ಎರಡು ವರ್ಷ ಅಲ್ಲಿ ದಾರಿಹೋಕರು ಮಲಗಿದರು, ಒಬ್ಬಳು ಹೆತ್ತಳು, ಇಬ್ಬರು ನೆಮ್ಮದಿಯಾಗಿ ಸತ್ತರು. ಹೋದ ಚಳಿಗಾಲ, ನಾಲ್ಕು ದಿನದ ಮಟ್ಟಿಗೆ ಅಂತ ಹೇಳಿ, ವಿಬಿಯುಸ್ ತನ್ನ ವ್ಯಾಪಾರದ ಎಣ್ಣೆ ಜಾಡಿಗಳನ್ನು ತಂದಿಟ್ಟು ಬೀಗ ಹಾಕಿದ. ಆ ನಾಲ್ಕು ದಿನ ಇನ್ನೂ ಮುಗಿದಿರಲಿಲ್ಲ.

ಕ್ರೋಕಾಲೆ ಎಲ್ಪಿಸಳ ಕೈ ಸರಿಸಿ ಒಳಗೆ ನಡೆದಳು.

ಒಬ್ಬ ನೆಂಟ ಕೈವಸ್ತ್ರದಿಂದ ಮೂಗು ಮುಚ್ಚಿಕೊಂಡ. ಇನ್ನೊಬ್ಬ, "ತೊಟ್ಟಿನೇ ಎದ್ದು ಬಂದಂಗಿದೆಯಲ್ಲಪ್ಪ," ಅಂದ. ಮಂಚಗಳ ಮೇಲಿದ್ದವರು ನಕ್ಕರು.

"ಬಾ ಅಕ್ಕ," ಅಂದ ವಿಬಿಯುಸ್, ಒರಗಿದಲ್ಲಿಂದಲೇ.

"ಅಣ್ಣಾರೆ, ಕೋಣೆ ಬೀಗ ತೆಗೀರಿ. ಕೆರ್ಡೋನನ್ನ ಅಲ್ಲಿ ಮಲಗುಸ್ತೀನಿ."

"ಎಣ್ಣೆ ಇದೆಯಲ್ಲಮ್ಮ ಅಲ್ಲಿ. ಹಡಗು ಬಂದ ಕೂಡ್ಲೆ ಖಾಲಿ ಮಾಡ್ಸೋಣ."

"ಹಡಗು ಬರೋದ್ರೊಳಗೆ ಅವನು ಹೋಯ್ತಾನೆ."

"ಪ್ರಾರ್ಥನೆಯಲ್ಲಿ ಇವತ್ತೂ ಅವನ ಹೆಸರು ಹೇಳಿದ್ದೀವಿ."

"ಹೆಸರು ನೆನಪಿತ್ತು, ಹೊಟ್ಟೆ ನೆನಪಾಗ್ಲಿಲ್ಲ."

ವಿಬಿಯುಸನ ಮುಖದ ನಗು ಸಣ್ಣದಾಯಿತು. "ಕ್ರೋಕಾಲೆ, ಕೊಟ್ಟೋರು ಕೊಟ್ಟಿದ್ದರ ಕಡೆ ತಿರುಗಿ ನೋಡಬಾರದು. ಅದು ಆಸೆ. ಆಸೆ ಒಳ್ಳೇದಲ್ಲ."

"ನಂಗ್ ಬೇಕು ಅಂತ ಕೇಳಿದ್ನಾ? ಕಾಯಿಲೆಯೋರಿಗೆ ಅಂತ ಕೊಟ್ಟೆ, ಕಾಯಿಲೆಯೋನಿಗೆ ಕೇಳ್ತಿದೀನಿ."

"ಹಾಗಂತ ಏನೂ ಕರಾರಿರಲಿಲ್ಲವಲ್ಲ."

"ಎಲ್ಪಿಸ್ ಪಕ್ಕದಲ್ಲೇ ಇದ್ಲು. ಹೇಳೇ, ಅವತ್ತು ನಾನೇನಂದೆ?"

ಬಟ್ಟಲಿಗೆ ರಸ ಬಗ್ಗಿಸುತ್ತಿದ್ದ ಎಲ್ಪಿಸಳ ಕೈ ನಿಂತಿತು. ಅವಳು ಕ್ರೋಕಾಲೆಯನ್ನು ನೋಡಲಿಲ್ಲ, ವಿಬಿಯುಸನನ್ನು ನೋಡಿದಳು.

"ನಾನು ದೂರದಲ್ಲಿದ್ದೆ. ನಂಗೇನೂ ಕೇಳುಸ್ಲಿಲ್ಲ."

ಆ ದಿನ ಕ್ರೋಕಾಲೆಯ ಒದ್ದೆ ತಲೆಗೂದಲನ್ನು ಹಿಂಡಿ ಒರೆಸುತ್ತಾ ನಿಂತಿದ್ದವಳು ಅವಳೇ. ಕ್ರೋಕಾಲೆ ಮಾತಾಡುವಾಗ ಆ ಎರಡು ಕೈ ಅವಳ ತಲೆಯ ಮೇಲೇ ಇದ್ದವು.

ಕ್ರೋಕಾಲೆ ಹೊರಗೆ ಬಂದಳು. ಅಂಗಳದಲ್ಲಿ ಉಳಿದವರು ಮೀನಿನ ತಲೆ ಚೀಪುತ್ತಿದ್ದರು. ಹಸಿವನ್ನು ಯಾರು ಬಯ್ದಾರು? ಅವಳು ತನ್ನ ಪಾಲಿನ ರೊಟ್ಟಿಯ ಅಂಚನ್ನು ಸೆರಗಿಗೆ ಕಟ್ಟಿಕೊಂಡು ಕೊಟ್ಟಿಗೆಗೆ ಹೋದಳು. ಕೆರ್ಡೋನ್ ಅದನ್ನು ಬಾಯಲ್ಲಿಟ್ಟುಕೊಂಡ, ನುಂಗಲಾಗಲಿಲ್ಲ.

"ಎಲ್ರೂ ಸುಖವಾಗವ್ರಾ ಅಕ್ಕ?" ಅಂದ.

"ಅವ್ರೆ, ಅವ್ರೆ."

ಮಾರನೆಯ ಬೆಳಿಗ್ಗೆ ಅವಳು ತೊಟ್ಟಿಗೆ ಇಳಿಯಲಿಲ್ಲ. ಆ ಐದು ಮಂದಿಯೂ ಇಳಿಯಲಿಲ್ಲ. "ಮೇಸ್ತ್ರಿ ಕೂಲಿ ಕೊಡಲ್ಲ ಕಣಕ್ಕ," ಅಂದ ಒಬ್ಬ. "ಕೊಟ್ಟಾಗ ಏನ್ ದೊಡ್ಡದಾಗಿ ಕೊಟ್ಟಿದ್ದ ಬೋಳಿಮಗ," ಅಂದ ಇನ್ನೊಬ್ಬ. ಕಲ್ಲಿನ ನಾಲ್ಕು ಏಟಿಗೆ ಅಗಸರ ಓಣಿಯ ಕೋಣೆಯ ಬೀಗ ಕಳಚಿ ಬಿತ್ತು. ಜಾಡಿಗಳನ್ನು ಒಂದೊಂದಾಗಿ ಹೊರಗೆ ಉರುಳಿಸಿ ಓಣಿಯ ಗೋಡೆಗೆ ಸಾಲಾಗಿ ಒರಗಿಸಿದರು. ಒಂದೂ ಒಡೆಯಲಿಲ್ಲ, ಒಂದು ಹನಿಯೂ ಚೆಲ್ಲಲಿಲ್ಲ. ಕ್ರೋಕಾಲೆ ನಿಂತು ನೋಡಿಕೊಂಡಳು. ಕೆರ್ಡೋನನನ್ನು ಕಂಬಳಿಯಲ್ಲಿ ಹೊತ್ತು ತಂದು ಮಲಗಿಸಿ ಒಲೆ ಹೊತ್ತಿಸಿದರು.

ಬಿಸಿಲು ಓಣಿಗೆ ಇಳಿಯುವ ಹೊತ್ತಿಗೆ ವಿಬಿಯುಸ್ ಸಂತೆಯ ಕಾವಲುಗಾರನನ್ನು ಕರೆದುಕೊಂಡು ಬಂದ. ಹಿಂದೆ ಎಲ್ಪಿಸ್. ಓಣಿಯವರೆಲ್ಲ ಬಾಗಿಲಿಗೆ ಬಂದು ನಿಂತರು.

"ಯಾರ್ದು ಈ ಕೋಣೆ?" ಕಾವಲುಗಾರ ಕೋಲು ಊರಿ ಕೇಳಿದ.

"ಅವರನ್ನೇ ಕೇಳಪ್ಪ," ಅಂದಳು ಕ್ರೋಕಾಲೆ.

ವಿಬಿಯುಸ್ ಎಲ್ಲರದು ಅಂದುಬಿಟ್ಟರೆ ಸಾಕಿತ್ತು. ಅಲ್ಲೇ ಅವನ ಕಾಲಿಗೆ ಬಿದ್ದು, ಬೀಗ ಮುರಿದದ್ದು ತಪ್ಪಾಯಿತು ಅನ್ನಲೂ ಅವಳು ತಯಾರಿದ್ದಳು. ಹಾಗೆ ಅಂದಾನು ಎಂಬ ಆಸೆ, ನಿನ್ನೆಯಷ್ಟಾದ ಮೇಲೂ, ಅವಳೊಳಗೆ ಸತ್ತಿರಲಿಲ್ಲ. ವಿಬಿಯುಸ್ ಬಿಸಿಲಲ್ಲಿ ನಿಂತ ಜಾಡಿಗಳನ್ನು ನೋಡಿದ. ಸುತ್ತ ನಿಂತ ಜನವನ್ನು ನೋಡಿದ.

"ನನ್ನದು," ಅಂದ.

ಎಲ್ಪಿಸ್ ತಲೆ ತಗ್ಗಿಸಿದಳು. ಒಳಗಿಂದ ಕೆರ್ಡೋನ್ ಏನೋ ಕೇಳಿದ.

"ಕೇಳ್ತೇನಮ್ಮ?" ಅಂದ ಕಾವಲುಗಾರ. "ಹೊರಡು. ಜಾಗ ಬಿಡು."

ಕ್ರೋಕಾಲೆ ಹೊಸ್ತಿಲ ಮೇಲೆ, ಬಾಗಿಲಿಗೆ ಅಡ್ಡಲಾಗಿ ಕೂತಳು.

"ಅಲ್ಲ," ಅಂದಳು. "ನಂದು."

ಮೂರು ವರ್ಷದಿಂದ ಆ ಮಾತು ಅವಳ ಬಾಯಲ್ಲಿ ಬಂದಿರಲಿಲ್ಲ. ಯಾರದೋ ಎಂಜಲು ನಾಲಿಗೆಗೆ ತಾಗಿದಂತಾಯಿತು. ಕಾವಲುಗಾರ ಕೋಲನ್ನು ಬಲಗೈಗೆ ಬದಲಾಯಿಸಿಕೊಂಡ. ಅವಳು ಆ ಮಾತನ್ನು ಉಗುಳಲಿಲ್ಲ. ಇನ್ನೊಂದು ಸಲ, ಓಣಿಯ ಕೊನೆಗೂ ಕೇಳುವಂತೆ, ಅದನ್ನೇ ಹೇಳಿದಳು.