ಹಾಷಿ ಕೊಟ್ಟ ಅಭಯ

ನನ್ನ ತಮ್ಮ ಹಾಷಿ ತೀರಿಕೊಂಡ ಸುದ್ದಿ ಮಿನಿಯಾಪೊಲಿಸ್‌ಗೆ ಬಂದದ್ದು ಒಂದು ಗುರುವಾರ ಬೆಳಿಗ್ಗೆ. ಹೊರಗೆ ಹಿಮ ಬೀಳುತ್ತಿತ್ತು. ನಾವು ಮುದುಕರು ಎಂದಿನಂತೆ ಮಸೀದಿಯ ಎದುರಿನ ಚಹಾದ ಅಂಗಡಿಯಲ್ಲಿ ಸೇರಿದ್ದೆವು. ನಮ್ಮ ಸೊಮಾಲಿಗಳಲ್ಲಿ ಅಡ್ಡಹೆಸರಿಲ್ಲದ ಮನುಷ್ಯನಿಲ್ಲ. ಅಂಗಡಿಯ ಜಾಮಾನನ್ನು ಎಲ್ಲರೂ ದೊಡ್ಡಕಿವಿ ಎನ್ನುತ್ತಾರೆ.

"ಏನೋ ದೊಡ್ಡಕಿವಿ, ಚಹಾದಲ್ಲಿ ಏಲಕ್ಕಿನೇ ಇಲ್ಲ. ಅದಕ್ಕೂ ವೀಸಾ ಸಿಗಲಿಲ್ವಾ?" ಎಂದೆ.

ಜಾಮಾ ನಗಲಿಲ್ಲ. ಕಿವಿಗೆ ಹಿಡಿದಿದ್ದ ಫೋನನ್ನು ನನ್ನತ್ತ ಚಾಚಿದ. "ವರ್ಸಮೆ, ಮೊಗದಿಶುವಿಂದ ನಿನ್ನ ಸೋದರಳಿಯ. ನೀನೇ ಕೇಳಿಸ್ಕೋಪ್ಪ. ನನ್ನ ಬಾಯಿಂದ ಹೇಳೋಕಾಗಲ್ಲ."

ಮೊಗದಿಶುವಿನಲ್ಲಿ ಹಾಷಿ ಇಳಿದುಕೊಂಡಿದ್ದ ಹೋಟೆಲಿನ ಅಂಗಳದಲ್ಲಿ ಬಾಂಬು ಸಿಡಿದಿತ್ತು. ಹಾಷಿಯೂ ಅವನ ಜೊತೆ ಕೂತಿದ್ದ ಹಿರಿಯರೂ ಹೋಗಿದ್ದರು. ಬಾಂಬನ್ನು ಮೈಗೆ ಕಟ್ಟಿಕೊಂಡು ಬಂದವನು ಮಹದ್.

ಮಹದ್ ನಮ್ಮ ಕಟ್ಟಡದ ಸಹ್ರಾಳ ಒಬ್ಬನೇ ಮಗ. ಅವನಿಗೆ ಕುರ್‌ಆನ್‌ನ ಮೊದಲ ಅಕ್ಷರ ತಿದ್ದಿಸಿದವನು ಹಾಷಿ. ಈ ಊರಿನ ಅರ್ಧ ಮಕ್ಕಳಿಗೆ ಅವನೇ ಮೇಷ್ಟ್ರು. ಮಹದ್ ಯಾರ ಯಾರದೋ ವೀಡಿಯೊ ನೋಡಿ, ನಮ್ಮ ಇಮಾಮರನ್ನೇ ಕಾಫಿರರೆಂದು ಕರೆದು, ಒಂದು ದಿನ ನಮ್ಮ ತಾಯ್ನಾಡಿನ ಆ ಬಂದೂಕಿನವರ ಬಳಿಗೆ ಹೊರಟುಹೋದ. ತಾಯಿ ಅವನ ಪಾಸ್‌ಪೋರ್ಟನ್ನು ಅಕ್ಕಿ ಡಬ್ಬಿಯಲ್ಲಿ ಬಚ್ಚಿಟ್ಟಿದ್ದಳು. ಅವನು ಬೇರೆಯದನ್ನು ಹೊಂದಿಸಿಕೊಂಡಿದ್ದ.

ಬೇರೆ ತಾಯಂದಿರಾಗಿದ್ದರೆ ಬಾಗಿಲು ಹಾಕಿಕೊಂಡು ಅಳುತ್ತಿದ್ದರು. ಸಹ್ರಾ ಶಾಲೆಯ ಸಭಾಂಗಣದಲ್ಲಿ ಹೆಂಗಸರೆಲ್ಲರ ಮುಂದೆ ನಿಂತು, "ಹೋದವನು ನನ್ನ ಮಗ. ನಿಮ್ಮ ಮಕ್ಕಳ ಫೋನು ನೋಡ್ರವ್ವಾ, ನಾಚ್ಕೋಬೇಡಿ" ಎಂದಳು. ಅಂದಿನಿಂದ ಎಷ್ಟೋ ಮನೆಯವರು ಅವಳ ಮನೆಯ ಚಹಾ ಕುಡಿಯುವುದನ್ನು ಬಿಟ್ಟರು. ಪೊಲೀಸರು ಮಾತ್ರ ಮತ್ತೆ ಮತ್ತೆ ಬಂದು ಕುಡಿದರು.

ಹಾಷಿಯೂ ಸುಮ್ಮನಿರಲಿಲ್ಲ. ಮಸೀದಿಯ ಹಿರಿಯರನ್ನು ಕೂರಿಸಿಕೊಂಡು, ನೆರೆದ ಜನರ ಒಪ್ಪಿಗೆ ಕೇಳಿ ಒಂದು ಕಟ್ಟಳೆ ಮಾಡಿಸಿದ: ಅಮಾಯಕರನ್ನು ಕೊಂದು ಸತ್ತವನಿಗೆ ನಮ್ಮಲ್ಲಿ ಜನಾಝಾ, ಅಂದರೆ ಸತ್ತವರ ಪರವಾಗಿ ಮಾಡುವ ನಮಾಝ್, ಇಲ್ಲ. "ಇವರನ್ನ ಹುತಾತ್ಮರು ಅಂತ ಯಾವನೂ ಅನ್ನಬಾರದು. ಅಂಥವರಿಗೆ ನಮಾಝ್ ಇಲ್ಲದ್ದನ್ನ ಹುಡುಗರು ಕಣ್ಣಾರೆ ನೋಡಲಿ" ಎಂದಿದ್ದ. ಆಮೇಲೆ ಸಹ್ರಾ ಬೇಡಿಕೊಂಡಳೆಂದು, ಮಹದ್‌ನನ್ನು ಕರೆತರಲು ತಾನೇ ಮೊಗದಿಶುವಿಗೆ ಹೊರಟ. ನಾನು ಬೇಡವೆಂದೆ.

"ನನ್ನ ಹತ್ರ ಕುರ್‌ಆನ್‌ನ ಮೊದಲ ಅಧ್ಯಾಯ ಫಾತಿಹಾ ಕಲಿತವನು ಕಣೋ" ಎಂದು ನಕ್ಕ. "ಅವನು ನನಗೇನು ಮಾಡ್ತಾನೆ?"

ನಾವೆಲ್ಲ ಅದನ್ನೇ ನಂಬಿದ್ದೆವು. ಬಿಳಿ ಗಡ್ಡದವರ ಮೇಲೆ, ಗುರುವಿನ ಮೇಲೆ ಕೈ ಮಾಡುವವನು ನಮ್ಮಲ್ಲಿ ಹುಟ್ಟಿಲ್ಲ ಎಂಬುದು ನಮ್ಮ ಹಳೆಯ ನಂಬಿಕೆ. ಹಿರಿಯನೊಬ್ಬ ಅಭಯ ಕೊಟ್ಟು ಕರೆಸಿಕೊಂಡವನನ್ನು ಯಾರೂ ತಡೆಯುವಂತಿಲ್ಲ, ಅವನ ಮೈ ಮುಟ್ಟುವಂತಿಲ್ಲ. ಮಹದ್ ಮನಸ್ಸು ಬದಲಿಸಿದ್ದಾನೆ, ಬರುತ್ತಾನೆ ಎಂದು ಯಾರೋ ಹೇಳಿ ಕಳಿಸಿದರು. ಹಾಷಿ ಅಭಯ ಕೊಟ್ಟ. ಹೋಟೆಲಿನ ಗೇಟಿನಲ್ಲಿ ಕಾವಲುಗಾರ ಮಹದ್‌ನ ಅಂಗಿ ತಡವಲು ಹೋದನಂತೆ. ಹಾಷಿ ಕೂತಲ್ಲಿಂದಲೇ ಗದರಿದನಂತೆ: "ಅವನ ಮೈ ಮುಟ್ಟಿದ್ರೆ ನನ್ನ ಮೈ ಮುಟ್ಟಿದ ಹಾಗೆ. ಬಿಡೋ!" ಕಾವಲುಗಾರ ಬಿಟ್ಟ. ಹಾಷಿ ಎದ್ದು ತೋಳು ಚಾಚಿದನಂತೆ. ಬದುಕಿ ಉಳಿದ ಆ ಕಾವಲುಗಾರನೇ ಇದನ್ನು ಹೇಳಿದ್ದು.

ಮರುದಿನ ಶುಕ್ರವಾರದ ಜುಮಾ ನಮಾಝ್ ಮುಗಿದ ಮೇಲೆ ಹಾಷಿಗಾಗಿ ದೂರದಿಂದಲೇ ಜನಾಝಾ ನಮಾಝ್ ನಡೆಯಿತು. ಮಸೀದಿ ತುಂಬಿತ್ತು. ಬಂದವರಲ್ಲಿ ಹೆಚ್ಚಿನವರು ನನ್ನಂಥ ನರೆಗೂದಲಿನವರು. ಹಾಷಿ ಯಾರಿಗಾಗಿ ಆ ಕಟ್ಟಳೆ ಮಾಡಿಸಿದ್ದನೋ ಆ ಹುಡುಗರು ಬರಲಿಲ್ಲ. ಮಸೀದಿಗೆ ಹೋದರೆ ಪೊಲೀಸರ ಕಣ್ಣು, ಹೋಗದಿದ್ದರೆ ಫೋನಿನೊಳಗಿನ ಆ ದನಿಗಳು. ಹಾಷಿಯ ಮಾತು ಎರಡರ ನಡುವೆ ಎಲ್ಲಿಯೋ ಬಿದ್ದುಹೋಗಿತ್ತು.

ಹೊರಬಂದಾಗ ಚಪ್ಪಲಿಗಳ ಹತ್ತಿರ ಸಹ್ರಾ ನಿಂತಿದ್ದಳು. ಜನ ಅವಳನ್ನು ತಾಕದಂತೆ ದೂರ ಸರಿದು ಹೋಗುತ್ತಿದ್ದರು.

"ಅದೇರ್," ಎಂದಳು. ಚಿಕ್ಕವರು ನನ್ನನ್ನು ಕರೆಯುವುದು ಹಾಗೆಯೇ, ಚಿಕ್ಕಪ್ಪಾ ಎಂದು. "ಇಮಾಮರನ್ನ ಕೇಳಿದೆ. ಮಹದ್‌ಗೆ ಜನಾಝಾ ಮಾಡಲ್ಲ ಅಂದ್ರು."

"ಅದು ಹಾಷಿ ಮಾಡಿದ ಕಟ್ಟಳೆ ತಾಯಿ."

"ಗೊತ್ತು. ಅವತ್ತು ಅದಕ್ಕೆ ಒಪ್ಪಿ ನಾನೇ ಮೊದಲು ಕೈ ಎತ್ತಿದ್ದು." ಅವಳು ಅಳಲಿಲ್ಲ. "ಮಸೀದೀಲಿ ಬೇಡ. ನನ್ನ ಮನೇಲಿ. ನೀವು ಇಮಾಮರಲ್ಲವಲ್ಲ, ನೀವು ಮಾಡಬಹುದು. ಇನ್ಯಾರನ್ನ ಕೇಳಲಿ? ಬೇರೆಯವರು ಮಾಡಿದ್ರೆ ಅವನ ಕಡೆಯವರು ಅಂತಾರೆ. ನಿಮ್ಮನ್ನ ಯಾರೂ ಹಾಗನ್ನಲ್ಲ."

"ನನ್ನ ತಮ್ಮನ ಮೈಯಲ್ಲಿ ಹೂಳೋಕೂ ಏನೂ ಸಿಗಲಿಲ್ಲ ಸಹ್ರಾ."

"ನನ್ನ ಮಗನದೂ ಸಿಗಲಿಲ್ಲ ಅದೇರ್."

ಹಿಂದಿನಿಂದ ದೊಡ್ಡಕಿವಿ ನನ್ನ ತೋಳು ಹಿಡಿದು, "ಬಾರೋ, ಹುಚ್ಚಿಯ ಮಾತಿಗೆ ನಿಂತ್ಕೋಬೇಡ" ಎಂದ. ನಾನು ಬಂದುಬಿಟ್ಟೆ.

ಮನೆಯಲ್ಲಿ ಕೂರಲಾಗಲಿಲ್ಲ. ಪ್ರವಾದಿಯವರು ತಾವು ನಿಲ್ಲದ ಜನಾಝಾಕ್ಕೆ ಉಳಿದವರು ನಿಲ್ಲುವುದನ್ನು ತಡೆಯಲಿಲ್ಲವೆಂದು ಹಾಷಿಯೇ ಪಾಠ ಹೇಳುತ್ತಿದ್ದ. ಆದರೆ ನನ್ನನ್ನು ಎಬ್ಬಿಸಿದ್ದು ಆ ಪಾಠವಲ್ಲ. ಮಗನ ಹೆಸರನ್ನು ಬೀದಿಯಲ್ಲಿ ಹೇಳಿಕೊಂಡು ನಮ್ಮ ಮಕ್ಕಳನ್ನು ಕಾಯಲು ನಿಂತವಳು ಅವಳೊಬ್ಬಳು. ಅವಳಿಗೆ ನಾವು ತೋರಿಸಿದ್ದು ಬೆನ್ನು. ಸಂಜೆಯ ಅಸರ್ ನಮಾಝ್ ಮುಗಿಸಿ ಅವಳ ಬಾಗಿಲು ತಟ್ಟಿದೆ.

ಅವಳು ಚಾಪೆ ಹಾಸಿ, ನನ್ನ ಹಿಂದೆ ನಿಂತಳು. ಬೇರೆ ಸಾಲಿರಲಿಲ್ಲ. ಅಲ್ಲಾಹು ಅಕ್ಬರ್ ಎಂದು ಮೊದಲ ತಕ್ಬೀರ್ ಹೇಳಿದೆ, ಎರಡನೆಯದನ್ನೂ ಹೇಳಿದೆ. ಮೂರನೆಯದರ ನಂತರ ಸತ್ತವನಿಗಾಗಿ ಬೇಡಬೇಕು. ಹಾಷಿ ಚಾಚಿದ ಆ ತೋಳುಗಳೇ ಕಣ್ಣೆದುರು ನಿಂತವು. ನನ್ನೆದೆಯಲ್ಲಿ ಕ್ಷಮೆಯನ್ನು ಹುಡುಕಿದೆ; ಇರಲಿಲ್ಲ. ಇವತ್ತಿಗೂ ಇಲ್ಲ. ಹಿಂದೆ ಅವಳ ಉಸಿರು ಮಾತ್ರ ಕೇಳುತ್ತಿತ್ತು. ಇದ್ದುದನ್ನೇ ಹೇಳಿದೆ.

ಯಾ ಅಲ್ಲಾಹ್, ಗೋರಿಯೂ ಇಲ್ಲದ ನನ್ನ ತಮ್ಮ ಹಾಷಿ ಇರುವಲ್ಲಿ ಬೆಳಕು ತುಂಬು. ಅವನ ಜೊತೆ ಹೋದವರನ್ನು ನಿನ್ನ ನೆರಳಿನಲ್ಲಿರಿಸು. ಮಹದ್‌ಗಾಗಿ ಬೇಡುತ್ತಿರುವವಳು ಅವನ ತಾಯಿ. ನನ್ನ ಬಾಯಿ ಅವಳಿಗೆ ಎರವಲು, ಅಷ್ಟೇ. ನನ್ನ ಮನಸ್ಸನ್ನು ನೋಡಬೇಡ, ಅವಳದನ್ನು ನೋಡು. ನಾವು ಕೊಡಲಾಗದ ಶಾಂತಿಯನ್ನು ಅಗಲಿದವರಿಗೆ ನೀನು ಕೊಡು. ಆಮೀನ್.